ಪರಿವಿಡಿಯಲ್ಲಿ ನನ್ನ ಜಾಗ

ಮಗಳು ಹೆತ್ತಿದ್ದಾಳೆ, ಹೆಣ್ಣು ಕೂಸು. ಅದರ ಹೆಸರು ಸೇರಿಸೋಣವೆಂದು ಅಪ್ಪ ಬರೆದ ವಂಶಾವಳಿಯ ಹಳೆಯ ಫೈಲನ್ನು ಈ ಬೆಳಿಗ್ಗೆ ತೆರೆದೆ. ಪರಿವಿಡಿಯ ಮೇಲೆ ಒತ್ತಿದರೆ ಕಂಪ್ಯೂಟರ್ ಕೇಳುತ್ತದೆ: ಪುಟಸಂಖ್ಯೆ ಮಾತ್ರ ಬದಲಿಸಲೋ, ಇಡೀ ಪರಿವಿಡಿಯನ್ನೋ? ಇಷ್ಟು ವರ್ಷವಾದರೂ ಈ ಪ್ರಶ್ನೆಗೆ ನಾನು ತಡಬಡಿಸುತ್ತೇನೆ. ನೀವೂ ತಡಬಡಿಸುವವರಾದರೆ ಬನ್ನಿ, ಜೊತೆಗೆ ಕೂರೋಣ.

ರೈಲ್ವೆಯಿಂದ ನಿವೃತ್ತರಾಗಿ ವಡೋದರಾದಲ್ಲೇ ಉಳಿದಿದ್ದ ಅಪ್ಪ, ತಮ್ಮ ಸಹಸ್ರಚಂದ್ರ ದರ್ಶನಕ್ಕೆ ಬಂದವರಿಗೆಲ್ಲ ಹಂಚಲು ನಮ್ಮ ವಂಶಾವಳಿ ಬರೆದರು. ಮೂಲಪುರುಷ ಒಂದನೇ ಹಂತದ ಶೀರ್ಷಿಕೆ, ಅವನ ಮಕ್ಕಳು ಎರಡನೇ ಹಂತ, ಮೊಮ್ಮಕ್ಕಳು ಮೂರನೇದು. ವರ್ಡ್‌ನಲ್ಲಿ ಅಂಥ ಹಂತಗಳು ಇರುವುದೇ ಒಂಬತ್ತು. ಸೂರತ್‌ನ ಅಡಾಜಣ್‌ನಿಂದ ರೈಲು ಹತ್ತಿ ಹೋಗಿ ಇದನ್ನೆಲ್ಲ ಸರಿಮಾಡುವ ಕೆಲಸ ನನ್ನದು. ವಿಮಾ ಕಚೇರಿಯಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವಳಿಗೆ ಎಲ್ಲ ಬರುತ್ತದೆ ಎಂದು ಅವರ ನಂಬಿಕೆ. ಬರುತ್ತಿದ್ದದ್ದು ಅರ್ಧಂಬರ್ಧ.

ಮೊದಲ ಸಲ ಪರಿವಿಡಿ ತೆಗೆದಾಗ ಮೂರು ಹಂತ ಮಾತ್ರ ಬಂತು. ಬದುಕಿದ್ದವರು ಒಬ್ಬರೂ ಅದರಲ್ಲಿರಲಿಲ್ಲ. ಅಪ್ಪ ಗಾಬರಿಯಾದರು. ಒಂಬತ್ತರವರೆಗೂ ಏರಿಸಿದೆ. ಏಳರಲ್ಲಿ ಅಪ್ಪ ಸಿಕ್ಕರು, ಎಂಟರಲ್ಲಿ ಅಣ್ಣ ರಘು, ಒಂಬತ್ತರಲ್ಲಿ ಅವನ ಮಗ. ನಾನು ಮಾತ್ರ ಇಲ್ಲ. ನನ್ನದೇ ಏನೋ ತಪ್ಪಿರಬೇಕೆಂದು ಮತ್ತೆ ಮತ್ತೆ ಒತ್ತಿದೆ. ಕೊನೆಗೆ ಒಳಗೆ ಹುಡುಕಿದರೆ, ಅಪ್ಪನ ಹೆಸರಿನ ಕೆಳಗೆ ಸಾದಾ ಅಕ್ಷರದಲ್ಲಿದ್ದೆ: ‘ಒಬ್ಬ ಮಗಳು, ವಸುಧಾ. ಸೂರತ್‌ಗೆ ಕೊಟ್ಟಿದೆ.’ ಶೀರ್ಷಿಕೆಯಲ್ಲದ ಸಾಲು ಪರಿವಿಡಿಗೆ ಬರುವುದಿಲ್ಲ.

“ಅಪ್ಪಾ, ನಾ ಯಾಕ ಇಲ್ಲ ಇದರಾಗ?”

“ಹೆಣ್ಣುಮಕ್ಕಳ ಹೆಸರು ಗಂಡನ ಮನಿ ವಂಶಾವಳ್ಯಾಗ ಬರ್ತಾವಲ್ಲ ವಸೂ.”

“ಅಲ್ಲಿ ನಾ ‘ಇವರ ಹೆಂಡತಿ’, ಅಷ್ಟ. ಹಂಗಾದ್ರ ನಾ ಎಲ್ಲಿಯಾಕಿ?”

ಕೇಳಿದ್ದೇನೋ ನಗುತ್ತಲೇ. ನಾನು ಚಹಾ ಮಾಡಲು ಎದ್ದುಹೋದೆ.

ಬರುವಷ್ಟರಲ್ಲಿ ಅವರೇ ಮೌಸ್ ಹಿಡಿದು ನನ್ನ ಹೆಸರಿಗೆ ಕೈಗೆ ಸಿಕ್ಕ ಶೀರ್ಷಿಕೆ ಕೊಟ್ಟುಬಿಟ್ಟಿದ್ದರು. ಪರಿವಿಡಿ ನೋಡಿ ಇಬ್ಬರೂ ದಂಗಾದೆವು. ನಾನು ಒಂದನೇ ಹಂತ, ಮೂಲಪುರುಷನಿಗೆ ಸರಿಸಮ! ಪುಟದಲ್ಲಿ ನನ್ನ ಸಾಲಿನ ನಂತರ ಬರುವ ಅಣ್ಣನೂ ಅವನ ಮಗನೂ ನನ್ನ ಸಂತಾನವಾಗಿ ಕೆಳಗೆ ಕೂತಿದ್ದರು.

“ತಡೀರಿ ಅಪ್ಪಾ, ಎಂಟು ಮಾಡ್ತೀನಿ” ಎಂದೆ.

ಅಪ್ಪ ಬೆರಳು ಮಡಚಿ ಎಣಿಸಿದರು. “ನೀ ಎಂಟಾದ್ರ ನಿನ್ನ ಮಗಳು ಒಂಬತ್ತು. ಅಕಿ ಮಕ್ಕಳಿಗೆ ಜಾಗಾ ಎಲ್ಲದ? ಒಂದನೇದಾಗೇ ಇರು. ನಿನ್ನ ಹೆಸರು ತಗೊಂಡು ಹೋಗಿ ಪುಸ್ತಕದ ಕಡೀಗೆ ಇಡು. ನಿನ್ನಿಂದ ಹೊಸಾದು ಸುರು ಆಗ್ಲಿ.”

ಅಣ್ಣನ ಮೊಮ್ಮಕ್ಕಳ ಗತಿಯೇನೆಂದು ಅವರೂ ಯೋಚಿಸಲಿಲ್ಲ, ನಾನೂ ಕೇಳಲಿಲ್ಲ. ಪುಸ್ತಕ ಹಾಗೆಯೇ ಅಚ್ಚಾಯಿತು. ಅಪ್ಪ ನನಗೂ ಜಾಗವಿದೆಯೆಂದು ಒಪ್ಪಿ ಹೇಳಿದರೋ, ಹಂತಗಳ ಲೆಕ್ಕ ಸಾಲದೆ ಹೇಳಿದರೋ ಇಂದಿಗೂ ನನಗೆ ತಿಳಿಯದು. ಕೇಳೋಣವೆಂದರೆ ಅವರು ಈಗ ಇಲ್ಲ.

ಕೂಸಿನ ಹೆಸರು ಟೈಪ್ ಮಾಡಿದೆ. ಅಳಿಯ ಗುಜರಾತಿ, ಇದು ಯಾವ ಮನೆಯ ಕೂಸು ಎಂದು ಕೈ ಒಂದು ಗಳಿಗೆ ನಿಂತಿತು. ಆಮೇಲೆ ನನ್ನ ಕೆಳಗೆ ಮಗಳು, ಮಗಳ ಕೆಳಗೆ ಅವಳ ಮಗಳು ಎಂದು ಶೀರ್ಷಿಕೆಯನ್ನೇ ಕೊಟ್ಟು, ಇಡೀ ಪರಿವಿಡಿಯನ್ನು ಬದಲಿಸಲು ಒತ್ತಿದೆ. ಯಾರನ್ನೂ ಕೇಳಲಿಲ್ಲ.