ಜೋಕಾಲಿಗೆ ಕಟ್ಟಿದ ಮುಚ್ಚಳ

ಹುನಗುಂದದಲ್ಲಿ ಕಾರಿದ್ದ ಮನೆಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಿ ಮುಗಿಸಬಹುದಾಗಿದ್ದ ದಿನಗಳವು. ಎಪ್ಪತ್ತರ ದಶಕ ಮುಗಿಯುತ್ತಿತ್ತು, ನನಗೆ ಹತ್ತು ವರ್ಷ. ಅಪ್ಪ ವಕೀಲರು. ಅವರ ಕಾರಿಗೆ ತನ್ನ ಮದುವೆಗಿಂತ ಹೆಚ್ಚು ವಯಸ್ಸಾಗಿದೆ ಎಂದು ಅವ್ವ ಆಡಿಕೊಳ್ಳುತ್ತಿದ್ದಳು. ಬಾಗಿಲು ಹಾಕಿದರೆ ತಿಜೋರಿ ಮುಚ್ಚಿದಂಥ ಸದ್ದು. ಒಳಗೆ ಕೂತರೆ ಹಳೆಯ ತೊಗಲು, ಪೆಟ್ರೋಲು, ಅಪ್ಪ ಮೂಗಿಗೇರಿಸುವ ತಪಕೀರು ಮೂರೂ ಸೇರಿದ ವಾಸನೆ. ಆ ವಾಸನೆ ಮೂಗಿಗೆ ಬಿದ್ದರೆ ನಾನು ಓಣಿಯ ರಾಣಿ.

ಕಾರಿನ ಬ್ಯಾಟರಿ ಇದ್ದದ್ದು ಹಿಂದಿನ ಡಿಕ್ಕಿಯಲ್ಲಿ. ಎಂಜಿನ್ನಿನ ಪಕ್ಕದ ತಗಡು ತುಕ್ಕು ತಿಂದು ಉದುರಿದಾಗ ಮೆಕ್ಯಾನಿಕ್ ಹುಸೇನಸಾಬ ಅದನ್ನು ಅಲ್ಲಿಗೆ ಸಾಗಿಸಿದ್ದ. ಅವನ ಕೆಲಸ ಅಂದರೆ ಕೆಲಸ. ಡಿಕ್ಕಿಯ ನೆಲಕ್ಕೆ ನಟ್ಟು ಬೋಲ್ಟು ಬಿಗಿದು ಗಿಡ್ಡ ಅಂಚಿನ ಒಂದು ಮರದ ತಟ್ಟೆ, ಅದರಲ್ಲಿ ಬ್ಯಾಟರಿ, ಮೇಲೆ ಕರಿ ಬಣ್ಣ ಬಳಿದ ದಪ್ಪ ಹಲಗೆಯ ಮುಚ್ಚಳ. ಮುಚ್ಚಳ ಬ್ಯಾಟರಿ ಎರಡನ್ನೂ ಸೇರಿಸಿ, ಎತ್ತಿನ ಕೊರಳಿಗೆ ಗೆಜ್ಜೆ ಕಟ್ಟುವಂಥ ಅಗಲವಾದ ತೊಗಲ ಪಟ್ಟಿಯಿಂದ ಬಿಗಿದು ಬಕ್ಕಲ್ ಹಾಕಿದ್ದ. ಮುಚ್ಚಳದ ನಾಲ್ಕು ಮೂಲೆಗೆ ನಾಲ್ಕು ತೂತು.

“ತೂತು ಯಾಕ ಮಾಮಾ?” ಎಂದು ಕೇಳಿದ್ದೆ.

“ಒಳಗ ಗ್ಯಾಸ್ ಆಗ್ತೈತಿ ಬೇಟಾ, ಹೊರಗ ಹೋಗಾಕ ದಾರಿ ಬೇಕಲ್ಲ. ಆದ್ರ ನೀ ಇದನ್ನ ತೆಗೀಬ್ಯಾಡ. ಒಳಗಿಂದು ನೀರಿನಂಗ ಕಾಣ್ತೈತಿ, ನೀರಲ್ಲ ಅದು, ಆಸಿಡ್.” ತನ್ನ ಪೈಜಾಮದ ಮೊಣಕಾಲಿನ ಹತ್ತಿರ ಜರಡಿಯಾಗಿದ್ದ ಜಾಗವನ್ನು ತೋರಿಸಿದ. “ಬಿದ್ದ ಕೂಡಲೇ ಏನೂ ಕಾಣೂದಿಲ್ಲ. ತೊಳದ ಮ್ಯಾಲ ನೋಡು, ಹಿಂಗ.”

ಅಂದರೆ ನನಗೆ ಗೊತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ತಿಳಿಯದೆ ಮಾಡಿದೆ ಎನ್ನುವ ಬಾಗಿಲು ನನಗೆ ತೆರೆದಿಲ್ಲ.

ಆ ವರ್ಷದ ಪಂಚಮಿ. ನಮ್ಮ ಕಡೆ ಪಂಚಮಿ ಎಂದರೆ ಉಂಡಿ ಮತ್ತು ಜೋಕಾಲಿ. ಎಳ್ಳುಂಡಿ, ಶೇಂಗಾ ಉಂಡಿ, ಅಳ್ಳಿಟ್ಟು. ಬೆಲ್ಲದ ಪಾಕದ ವಾಸನೆ ಮನೆಯ ಗೋಡೆಗೂ ಹತ್ತಿರುತ್ತಿತ್ತು. ಹಿತ್ತಲ ಬೇವಿನ ಮರಕ್ಕೆ ಹಗ್ಗ ಬಿಟ್ಟಿದ್ದರು, ಕೂರಲು ಮಣೆ ಇರಲಿಲ್ಲ. ಗೋಣಿಚೀಲ ಮಡಚಿ ಕೂತರೆ ಹಗ್ಗ ತೊಡೆ ಕೊರೆಯುತ್ತಿತ್ತು. ಪಕ್ಕದ ಮನೆಯ ಸುಶೀಲಾಳ ಜೋಕಾಲಿಗೆ ಚೆಂದದ ಮಣೆಯಿತ್ತು, ಅದನ್ನು ಅವಳು ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ನನಗೆ ಹುಸೇನಸಾಬನ ಹಲಗೆ ನೆನಪಾಯಿತು. ನಾಲ್ಕು ಮೂಲೆ, ನಾಲ್ಕು ತೂತು. ಯಾರೋ ನನ್ನ ಜೋಕಾಲಿಗೆಂದೇ ಕೊರೆದಿಟ್ಟಂತೆ. ಪಟ್ಟಿ ಬಿಚ್ಚಿ ಮುಚ್ಚಳ ತಂದೆ. ಅಂಥ ಮಣೆ ಓಣಿಯಲ್ಲೇ ಇರಲಿಲ್ಲ. ಸುಶೀಲಾ ಕೂಡ ಸರದಿಗೆ ನಿಂತಳು.

ಹಬ್ಬದ ಮೂರನೆಯ ದಿನ ಕಲಾದಗಿಗೆ ಹೊರಟೆವು. ಅಲ್ಲಿಗೆ ಮದುವೆ ಮಾಡಿಕೊಟ್ಟಿದ್ದ ನನ್ನ ಅಕ್ಕ ಶಾಂತಕ್ಕನಿಗೆ ಏಳು ತಿಂಗಳು, ತವರಿನವರು ಕುಬಸದ ಸೀರೆ ಉಡಿಸಬೇಕು. ಹಸಿರು ಮೈ, ಕೆಂಪು ಸೆರಗಿನ ಸೀರೆಯನ್ನು ಅವ್ವ ಇಳಕಲ್ಲಿನ ನೀಲಮ್ಮನ ಹತ್ತಿರ ಹೇಳಿ ನೇಯಿಸಿದ್ದಳು. ನಮ್ಮ ಮನೆಯ ಸೀರೆಗಳೆಲ್ಲ ನೀಲಮ್ಮನ ಮನೆಯವೇ. ಮಗ್ಗದಲ್ಲಿ ಕೂರುವವನು ಗಂಡ. ಮೈಯ ನೂಲಿಗೆ ಸೆರಗಿನ ರೇಷ್ಮೆಯ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವುದು, ನೂಲು ಆರಿಸುವುದು ನೀಲಮ್ಮನ ಕೆಲಸ.

ಕಾರಿನೊಳಗೆ ಉಂಡಿಯ ಡಬ್ಬಿಗಳೇ ತುಂಬಿದ್ದವು. “ಸೀರಿಗೆ ಎಣ್ಣಿ ಹತ್ತೀತು. ಗಿರಿಜಾ, ಈ ಗಂಟು ಡಿಕ್ಕ್ಯಾಗ ಇಟ್ಟು ಬಾ,” ಎಂದಳು ಅವ್ವ.

ಡಿಕ್ಕಿ ತೆರೆದೆ. ಬ್ಯಾಟರಿ ಬೆತ್ತಲೆ ಕೂತಿತ್ತು, ಪಟ್ಟಿ ಅತ್ತಿತ್ತ ಜೋತುಬಿದ್ದಿತ್ತು. ಮುಚ್ಚಳ ಹಿತ್ತಲಲ್ಲಿ ತೂಗುತ್ತಿತ್ತು, ಮೂರು ದಿನ ತೂಗಿದ ಭಾರಕ್ಕೆ ಹಗ್ಗದ ಗಂಟು ಕಲ್ಲಾಗಿತ್ತು. ಅಪ್ಪ ಹಾರ್ನ್ ಒತ್ತಿದರು. ಹೇಳಿದರೆ ಬೈಗುಳ, ಅದಕ್ಕಿಂತ ಹೆಚ್ಚಾಗಿ, ನನ್ನನ್ನು ಅಜ್ಜಿಯ ಹತ್ತಿರ ಬಿಟ್ಟು ಹೋದರೆ ಎಂಬ ಹೆದರಿಕೆ. ಅಲ್ಲೇ ಬಿದ್ದಿದ್ದ ಗೋಣಿಚೀಲವನ್ನು ಬ್ಯಾಟರಿಗೆ ಹೊದಿಸಿದೆ. ಪಟ್ಟಿಯನ್ನು ಹಾಗೆಯೇ ಮೇಲೆ ಹಾಕಿದೆ, ಬಿಗಿಯಲು ಬರಲಿಲ್ಲ. ಪಕ್ಕದಲ್ಲಿ ಗಂಟು ಇಟ್ಟು ಡಿಕ್ಕಿ ಮುಚ್ಚಿ ಓಡಿಬಂದೆ.

ಅಮೀನಗಡ ದಾಟುವಾಗಲೇ ಹಿಂದಿನಿಂದ ಧಡ್ ಎಂದಿತು. “ಏನದು?” ಎಂದರು ಅಪ್ಪ. “ಜಾಕ್ ಇರಬೇಕು,” ಎಂದೆ. ಬಾಗಲಕೋಟೆಯಲ್ಲಿ ಚಹಾಕ್ಕೆ ನಿಲ್ಲಿಸಿದಾಗಲೂ ಹೇಳಬಹುದಿತ್ತು. ನಾನು ಭಜಿ ತಿಂದೆ.

ಕಲಾದಗಿಯಲ್ಲಿ ಎಲ್ಲರಿಗಿಂತ ಮೊದಲು ಇಳಿದು ಡಿಕ್ಕಿಗೆ ಓಡಿದೆ. ಬ್ಯಾಟರಿ ವಾಲಿ ಸೀರೆಯ ಗಂಟಿಗೆ ಒರಗಿತ್ತು. ಗೋಣಿ ನೆನೆದಿತ್ತು, ಗಂಟಿನ ಒಂದು ಮಗ್ಗಲೂ ನೆನೆದಿತ್ತು. ನನ್ನ ಲಂಗದಿಂದಲೇ ಒರೆಸಿದೆ. ಬೆರಳು ಚುರುಗುಟ್ಟಿತು.

“ಇದೇನ ಹಸಿ?” ಎಂದಳು ಅವ್ವ, ಸೀರೆ ಬಿಚ್ಚುತ್ತ.

“ನೀರಿನ ತಂಬಗಿ ಚೆಲ್ಲಿತ್ತವ್ವಾ.”

“ಇರಲಿ ಬಿಡು, ಮೈಮ್ಯಾಗ ಆರ್ತೈತಿ.” ಶಾಂತಕ್ಕನಿಗೆ ಉಡಿಸಿದರು. ಆ ನೆನೆದ ಮಗ್ಗಲು ಅವಳ ಹೊಟ್ಟೆಗೆ ಬಾರದೆ ನೆರಿಗೆಯ ಕೆಳಗೆ ಹೋಯಿತು. ಅದು ನನ್ನ ಪುಣ್ಯ, ಜಾಣತನವಲ್ಲ. ಹಸಿರು ಬಳೆ ತೊಟ್ಟು ಅಕ್ಕ ಆರತಿಗೆ ಕೂತಳು. ಎಲ್ಲರೂ ಹಾಡಿದರು. ನಾನು ಬೆರಳು ಮುಚ್ಚಿಕೊಂಡು ಒಂದು ಮೂಲೆಯಲ್ಲಿ ನಿಂತಿದ್ದೆ.

ಮನೆಗೆ ಬಂದ ಮರುದಿನ ಕುಡುಗೋಲಿನಿಂದ ಹಗ್ಗ ಕೊಯ್ದು ಮುಚ್ಚಳ ತಂದಿಟ್ಟು, ಮಂಡಿಯೂರಿ ಪಟ್ಟಿ ಬಿಗಿದೆ. ಹುಸೇನಸಾಬ ಕೂಡ ಅಷ್ಟು ಬಿಗಿದಿರಲಿಲ್ಲ. ವಾರದ ಮೇಲೆ ಒಗೆದ ಲಂಗ ಜರಡಿಯಾಗಿ ಬಂತು. ಯಾರೂ ನೋಡುವ ಮೊದಲು ಬಚ್ಚಲ ಒಲೆಗೆ ತುರುಕಿದೆ.

ಹದಿನೈದು ದಿನಕ್ಕೆ ಕಲಾದಗಿಯಿಂದ, ಒಗೆದ ಮೇಲೆ ತೂತುಬಿದ್ದ ಸೀರೆ ಹಿಂದಕ್ಕೆ ಬಂತು, ಜೊತೆಗೆ ಬೀಗತಿಯ ಮಾತೂ ಬಂತು: ತವರಿನವರು ಪೆಟ್ಟಿಗೆಯಲ್ಲಿ ಕೊಳೆತ ಸೀರೆಯನ್ನು ಬಸುರಿಗೆ ಉಡಿಸಿ ಹೋಗಿದ್ದಾರೆ. ಅವ್ವ ಆ ದಿನ ಊಟ ಮಾಡಲಿಲ್ಲ. ಮರುದಿನ ಸೀರೆ ಹಿಡಿದು, ನನ್ನನ್ನು ಕರೆದುಕೊಂಡು ಇಳಕಲ್ಲಿನ ಬಸ್ಸು ಹತ್ತಿದಳು.

ನೀಲಮ್ಮನ ಮನೆಯಲ್ಲಿ ಸೀರೆ ನೋಡಲು ಬಂದ ನಾಲ್ಕೈದು ಹೆಂಗಸರು ಕೂತಿದ್ದರು. ಅವರ ಮುಂದೆಯೇ ಅವ್ವ ಸೀರೆ ಹರವಿದಳು. ಮಗ್ಗದ ಸದ್ದು ನಿಂತಿತು.

“ನೋಡು ನಿನ್ನ ನೂಲು.”

ನೀಲಮ್ಮ ತೂತಿನ ಅಂಚನ್ನು ಎರಡು ಬೆರಳಲ್ಲಿ ತೀಡಿದಳು. ಆಮೇಲೆ ಸೀರೆಯನ್ನು ಮೊದಲಿದ್ದ ಮಡಿಕೆಗೇ ಮಡಚಿದಳು. ತೂತುಗಳೆಲ್ಲ ಒಂದರ ಮೇಲೊಂದು ಕೂತವು.

“ಅಕ್ಕಾರ, ಕೊಳತ ನೂಲು ಎಲ್ಲಾ ಕಡೆ ಹರೀತೈತ್ರಿ. ಇದು ಮಡಿಕಿ ಮಡಿಕಿಗೆ ಒಂದೊಂದ ಕಡೆ ಹೋಗೇತಿ. ಮಡಚಿಟ್ಟಾಗ ಮ್ಯಾಲೆ ಏನೋ ಬಿದ್ದು ಸುಟ್ಟೈತಿ.”

“ಏನು ಬೀಳ್ತೈತಿ? ನಮ್ಮ ಮನಿಯಿಂದ ಸೀದಾ ಕಾರಿನ್ಯಾಗ ಹೋಗೇತಿ. ಹಂಗಾರ ನಾವ ಸುಟ್ಟು ತಂದೇವಿ ಅಂತೀಯೇನು?”

“ಹಂಗಲ್ರಿ…”

“ಬೀಗತಿ ಮುಂದ ನನ್ನ ಮಾರಿ ಏನಾತು, ನಿನಗ ಗೊತ್ತಾಗೂದಿಲ್ಲ ಬಿಡು.”

ಕೂತಿದ್ದ ಹೆಂಗಸರಲ್ಲಿ ಇಬ್ಬರು ಎದ್ದು ಚಪ್ಪಲಿ ಮೆಟ್ಟಿದರು. ನೀಲಮ್ಮ ಅವರನ್ನು ನೋಡಿದಳು, ಆಮೇಲೆ ನನ್ನನ್ನು. ನನ್ನ ಕೈ ಹಿಡಿದು ಬೆರಳು ಬಿಡಿಸಿದಳು. ತುದಿಯಲ್ಲಿ ಚರ್ಮ ಸುಲಿದು ಬಿಳಿಯ ಚುಕ್ಕಿಗಳಾಗಿದ್ದವು.

“ಇದೇನ ತಂಗಿ?” ಎಂದು ಮೆಲ್ಲಗೆ ಕೇಳಿದಳು.

ಒಂದು ಮಾತು ಸಾಕಿತ್ತು. “ಉಂಡಿ ಕಟ್ಟೂ ಮುಂದ ಪಾಕ ಸಿಡೀತು,” ಎಂದೆ.

ಅವಳು ಕೈ ಬಿಟ್ಟಳು. “ಕೊಬ್ರಿ ಎಣ್ಣಿ ಹಚ್ಚವಾ,” ಎಂದಳು. ಅಷ್ಟೇ.

ಅವ್ವ ಮತ್ತೆಂದೂ ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ನೀಲಮ್ಮನ ನೂಲು ಮೊದಲಿನಂತಿಲ್ಲ ಎಂದು ಹುನಗುಂದದಲ್ಲಿ ಸಿಕ್ಕವರಿಗೆಲ್ಲ ಹೇಳಿದಳು. ಅವ್ವ ಸುಳ್ಳುಗಾರ್ತಿಯಲ್ಲ, ತನಗೆ ಗೊತ್ತಿದ್ದದ್ದನ್ನು ಹೇಳಿದಳು. ಹೇಳುವಾಗೆಲ್ಲ ನಾನು ಪಕ್ಕದಲ್ಲೇ ಇರುತ್ತಿದ್ದೆ.

ಅವ್ವ ತೀರಿಕೊಂಡ ಮೇಲೆ, ನನ್ನ ತಲೆಯೂ ಅರ್ಧ ನೆರೆತ ಮೇಲೆ, ಇಳಕಲ್ಲಿಗೆ ಹೋದೆ. ಮನೆಯಲ್ಲಿ ನೀಲಮ್ಮನ ಸೊಸೆ ಇದ್ದಳು. ಮಗ್ಗ ತೆಗೆದು, ನೇಯುವವನು ಕಾಲು ಇಳಿಬಿಡುತ್ತಿದ್ದ ಕುಣಿ ಮುಚ್ಚಿದ್ದರು. ಹಳೆಯ ಗಿರಾಕಿ ಎಂದುಕೊಂಡು ಚಹಾ ಕೊಟ್ಟಳು.

“ನಮ್ಮತ್ತಿ ಕೊಂಡಿ ಹಾಕಿದ್ರ ಕಣ್ಣಿಗೆ ಕಾಣ್ತಿರಲಿಲ್ರಿ. ಆದ್ರ ನೂಲಿಂದು ಭಾಳ ಅಂಜಿಕಿ. ತೋಯಿಸಿ, ಒಣಗಿಸಿ, ಹತ್ತು ಸಲ ಎಳದು ನೋಡ್ತಿದ್ರು. ಮಾವಾರು ಬೈತಿದ್ರು. ‘ಒಮ್ಮಿ ನನ್ನ ಕೈಯಿಂದ ಬಸರಿ ಹೆಣ್ಮಗಳಿಗೆ ಕೊಳತ ನೂಲು ಹೋಗಿತ್ತು, ನನ್ನ ಬೆರಳಿಗೆ ತಿಳೀಲಿಲ್ಲ’ ಅಂತಿದ್ರು ಅತ್ತಿ.”

ಅವಳಿಗೆ ಎಲ್ಲ ಹೇಳಿದೆ. ಮುಚ್ಚಳ, ಗೋಣಿಚೀಲ, ಲಂಗ, ಪಾಕ. ಅವಳು ಬೈಯಲಿಲ್ಲ. ಚಹಾದ ಬಸಿಯ ಅಂಚನ್ನು ಬೆರಳಿಂದ ತೀಡಿದಳು.

“ಇದನ್ನ ಅವರ ಮುಂದ ಹೇಳಬೇಕಿತ್ರಿ ಅಕ್ಕಾರ,” ಎಂದಳು. “ಹೋದ ಪಂಚಮಿತನಾ ಇದ್ರು.”

ಕಾರು ಗುಜರಿಗೆ ಹೋಗಿ ಎಷ್ಟೋ ವರ್ಷವಾಯಿತು. ಬೇವಿನ ಮರವಿದ್ದ ಹಿತ್ತಲಲ್ಲಿ ಈಗ ಬೇರೆಯವರ ಮನೆಯಿದೆ. ಪಂಚಮಿಗೆ ಅಂಗಡಿಯಿಂದ ಉಂಡಿ ತರುತ್ತೇನೆ, ಜೋಕಾಲಿ ಕಟ್ಟುವುದಿಲ್ಲ. ಇವು ಹೋದದ್ದಕ್ಕೆ ಬೇಸರವಿದೆ, ಆದರೆ ಅದು ಎಲ್ಲರಿಗೂ ಇರುವ ಬೇಸರ. ಅವತ್ತು ನೀಲಮ್ಮನ ಬೆರಳು ಸರಿಯಾಗಿಯೇ ಹೇಳಿತ್ತು. ಅವಳು ಅದನ್ನು ನಂಬದಂತೆ ಮಾಡಿದವಳು ನಾನು. ನನ್ನ ಬೆರಳ ಚುಕ್ಕಿಗಳೂ ಈಗ ಮಾಸಿವೆ. ಒಮ್ಮೊಮ್ಮೆ ಕಿಟಕಿಯ ಬೆಳಕಿಗೆ ಕೈ ಹಿಡಿದು ಹುಡುಕುತ್ತೇನೆ, ಏನೂ ಕಾಣುವುದಿಲ್ಲ.