ಇನ್ನೊಂದು ಕಂಬ

ಇಂದಿರಾನಗರದ ನೂರಡಿ ರಸ್ತೆಯಲ್ಲಿ ಇನ್ನೂ ಮನೆಗಳೇ ಇದ್ದ ಕಾಲ. ನನಗೆ ಕಾರು ಕಲಿಸಿದ ಮೇಷ್ಟರ ಕಾಲ ಬಳಿಯೂ ಒಂದು ಬ್ರೇಕ್ ಇತ್ತು. ನಾನು ಬೆದರಿದಾಗಲೆಲ್ಲ ಅದನ್ನು ಒತ್ತುತ್ತಿದ್ದರು. ದಿನಕ್ಕೆ ಒಂದೇ ಲೈಟ್ ಕಂಬದಷ್ಟು ದೂರ ಹೆಚ್ಚಿಸುತ್ತಿದ್ದರು. “ಇನ್ನೊಂದು ಕಂಬ, ಅಷ್ಟೇಮ್ಮಾ. ಆಮೇಲೆ ಸಾಕು.”

ಒಂದು ಬೆಳಿಗ್ಗೆ ಕಾರಿನಿಂದ ಇಳಿದೇಬಿಟ್ಟರು! “ಆ ಕಂಬದ ತನಕ ಒಬ್ರೇ ಹೋಗಿ.”

“ಅಯ್ಯೋ ಸಾರ್, ಬ್ರೇಕ್ ಯಾರು ಹಾಕ್ತಾರೆ?”

“ನಿಮ್ ಕಾಲಿಗೇನಾಗಿದೆ?” ಎಂದು ಬಾಗಿಲು ಹಾಕಿದರು.

ಮೊದಲ ಗೇರ್ ಹಾಕಿದೆ. ಹೇಗೋ ಹೋಗಿ ನಿಲ್ಲಿಸಿದೆ. ಕನ್ನಡಿಯಲ್ಲಿ ನೋಡಿದರೆ, ಎಂದೂ ದನಿ ಏರಿಸದ ಆ ಮನುಷ್ಯ ಚಪ್ಪಲಿ ಕೈಯಲ್ಲಿ ಹಿಡಿದು ಕಾರಿನ ಹಿಂದೆಯೇ ಓಡಿಬರುತ್ತಿದ್ದಾರೆ!

“ಸಾಕಮ್ಮಾ, ಇವತ್ತಿಗೆ ಇಷ್ಟೇ,” ಎಂದು ಏದುಸಿರು ಬಿಡುತ್ತ ಪಕ್ಕದಲ್ಲಿ ಕೂತರು. ಬ್ರೇಕ್ ಮೇಲಿಟ್ಟ ಅವರ ಬರಿಗಾಲು ಗಡಗಡ ನಡುಗುತ್ತಿತ್ತು.