ಹುಸ್ನಾ ಟೀಚರ್ ಹಾಕದ ಅರ್ಜಿ

ನನಗೆ ಸಂಶಯ ಹೆಚ್ಚು. ಹಾಲಿನವನು ಹಾಲು ಹಾಕುವಾಗ ಅವನ ಮಾಪಿನ ತಳ ನೋಡುತ್ತೇನೆ. ಮದುವೆ ಪತ್ರಿಕೆ ಬಂದರೆ, ಇವರಿಗೆ ನನ್ನಿಂದ ಏನು ಆಗಬೇಕಾಗಿದೆಯೋ ಎಂದು ಯೋಚಿಸುತ್ತೇನೆ. ನನ್ನ ಹೆಂಡತಿ ತಾರಾಬಾಯಿ ಇದನ್ನು ರೋಗ ಎನ್ನುತ್ತಾಳೆ. ಅನ್ನಲಿ. ಉಣಕಲ್ಲಿನ ಖಾಸಗಿ ಶಾಲೆಯೊಂದರಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನಿಗೆ ಈ ರೋಗ ಹತ್ತದಿದ್ದರೆ ಅವನು ಕೆಲಸವನ್ನೇ ಮಾಡಿಲ್ಲ ಎಂದರ್ಥ. ನಿವೃತ್ತನಾದ ಮೇಲೆ ಅದೇ ಶಾಲೆಯ ಆಡಳಿತ ಮಂಡಳಿಗೆ ನನ್ನನ್ನು ಕಾರ್ಯದರ್ಶಿ ಮಾಡಿದರು. ಯಾಕೆ ಮಾಡಿದರೋ, ಅದರ ಬಗ್ಗೆಯೂ ನನಗೆ ಸಂಶಯವಿತ್ತು.

ಆ ಶಾಲೆಯಲ್ಲಿ ನಾನು ಸಂಶಯಪಡದ ಮನುಷ್ಯರು ಒಬ್ಬರೇ, ಹುಸ್ನಾ ಟೀಚರ್. ಹದಿನೆಂಟು ವರ್ಷದಿಂದ ಗಣಿತ ಕಲಿಸುತ್ತಾರೆ. ಕಮರಿಪೇಟೆಯಿಂದ ಬಸ್ಸು ಹಿಡಿದು, ಗಂಟೆ ಹೊಡೆಯುವ ಅರ್ಧ ತಾಸು ಮೊದಲೇ ಬಂದಿರುತ್ತಾರೆ. ಪರ್ಸಿನಲ್ಲಿ ಯಾವಾಗಲೂ ಸೂಜಿ ದಾರ. ಗುಂಡಿ ಕಿತ್ತ ಅಂಗಿಯಲ್ಲಿ ಬಂದ ಮಕ್ಕಳನ್ನು ನಿಲ್ಲಿಸಿಕೊಂಡು, ಗುಂಡಿ ಹಚ್ಚುತ್ತಲೇ ಹದಿನೇಳರ ಮಗ್ಗಿ ಹೇಳಿಸುತ್ತಾರೆ. ತಪ್ಪಿದರೆ ಸೂಜಿ ನಿಲ್ಲುತ್ತದೆ, ಬೈಗುಳವಿಲ್ಲ. ಹಳೆಯ ಪ್ರಿನ್ಸಿಪಾಲರು ಹೋದಾಗಿನಿಂದ, ಐದು ವರ್ಷ, ಪ್ರಭಾರವೂ ಅವರದೇ. ಆದರೆ ಪ್ರಿನ್ಸಿಪಾಲರ ಕುರ್ಚಿಯಲ್ಲಿ ಒಂದು ದಿನವೂ ಕೂತವರಲ್ಲ. ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಸಹಿ ಮಾಡುತ್ತಿದ್ದರು. "ಆರ್ಡರ್ ಬರ್ಲಿರಿ ಸರ್, ಆವಾಗ ಕುಂದರ್ತೇನಿ" ಎನ್ನುತ್ತಿದ್ದರು. ಅವರು ಆ ಕುರ್ಚಿಯಲ್ಲಿ ಕೂಡುವುದನ್ನು ನೋಡಬೇಕೆಂಬ ಆಸೆ ನನಗೂ ಇತ್ತು.

ಈ ವರ್ಷ ಮಂಡಳಿ ಕಡೆಗೂ ಕಾಯಂ ಪ್ರಿನ್ಸಿಪಾಲರನ್ನು ತುಂಬಿಕೊಳ್ಳಲು ಹೊರಟಿತು. ಜಾಹೀರಾತಿಗೆ ಅರ್ಹತೆ ಗೊತ್ತುಮಾಡುವ ಸಭೆ ಕೂಡಿತು. ಅಧ್ಯಕ್ಷ ಶಿದ್ದಪ್ಪನವರು ಕಿಸೆಯಿಂದ ಒಂದು ಚೀಟಿ ತೆಗೆದರು. ಫೈಲಿನಿಂದಲ್ಲ, ಕಿಸೆಯಿಂದ. ನನ್ನ ಕಿವಿ ನೆಟ್ಟಗಾದವು.

"ಎಂ.ಎಡ್. ಆಗಿರಬೇಕು, ಇಲ್ಲಾಂದ್ರ ಹದಿನೈದು ವರ್ಷ ಕಲಿಸಿದ ಅನುಭವ ಇರಬೇಕು," ಎಂದು ಓದಿದರು.

ಶಿದ್ದಪ್ಪನವರ ತಂಗಿಯ ಮಗ ಕಪಿಲ ಧಾರವಾಡದಲ್ಲಿ ಮಾಸ್ತರ. ಎಂ.ಎಡ್. ಆಗಿಲ್ಲ. ಕಲಿಸಲು ಹತ್ತಿ ಹದಿನಾರು ವರ್ಷ. ಹಿಂದಿನ ವಾರವಷ್ಟೇ ಅವನು ಅಮರಗೋಳದಲ್ಲಿ ಶಿದ್ದಪ್ಪನವರ ಅಡತಿ ಅಂಗಡಿಯಲ್ಲಿ ಕೂತಿದ್ದನ್ನು ಕಂಡಿದ್ದೆ. ನನ್ನನ್ನು ನೋಡಿ ಎದ್ದು ನಿಂತಿದ್ದ. ಮಾವನ ಅಂಗಡಿಯಲ್ಲಿ ಕೂತವನು ನನ್ನನ್ನು ಕಂಡು ಯಾಕೆ ಎದ್ದು ನಿಲ್ಲಬೇಕು?

"ಈ ಹದಿನೈದು ವರ್ಷದ ಮಾತು ಯಾರ ಸಲುವಾಗಿ ಬಂದದರಿ ಅಧ್ಯಕ್ಷರ?" ಎಂದೆ.

ಶಿದ್ದಪ್ಪನವರು ಚೀಟಿ ಮಡಚಿದರು. "ಯಾರ ಸಲುವಾಗಿನೂ ಅಲ್ಲರಿ. ಅನುಭವಕ್ಕೂ ಕಿಮ್ಮತ್ತು ಇರಬೇಕು ಅಂತ."

"ಅಳತಿ ತಗೊಂಡು ಅಂಗಿ ಹೊಲಿಸಿದಂಗ ಅದರಿ ಇದು. ಹೆಸರು ಹೇಳ್ರಿ, ಇಲ್ಲಾ ಅದನ್ನ ತಗೀರಿ."

ಅವರು ಬಾಯಿ ತೆರೆದರು, ಸುತ್ತ ಕೂತವರನ್ನು ನೋಡಿ ಚೀಟಿಯನ್ನು ಮತ್ತೆ ಕಿಸೆಗೆ ಹಾಕಿಕೊಂಡರು. ಸಿಕ್ಕಿಬಿದ್ದ ಗಿರಾಕಿ ಎಂದುಕೊಂಡೆ. ಎಂ.ಎಡ್. ಕಡ್ಡಾಯ ಎಂದು ಠರಾವು ಬರೆದೆ. ಅಷ್ಟಕ್ಕೇ ಬಿಡುವವನಲ್ಲ ನಾನು. ಜಾಹೀರಾತು ಹೊರಬಿದ್ದ ಮೇಲೆ ಅರ್ಹತೆ ಬದಲಿಸಿದರೆ ಆಯ್ಕೆಯೇ ರದ್ದು ಎಂದು ಇನ್ನೊಂದು ಸಾಲು ಸೇರಿಸಿ ಎಲ್ಲರಿಂದ ಸಹಿ ಹಾಕಿಸಿದೆ. ಹುಸ್ನಾ ಟೀಚರಿಗೆ ಇದರಿಂದ ಏನೂ ಅಡ್ಡಿಯಿರಲಿಲ್ಲ. ಶಾಲೆಯ ಬಾಗಿಲಲ್ಲಿ ಸಿಬ್ಬಂದಿಯ ಬೋರ್ಡಿದೆ. ಅದರಲ್ಲಿ ಅವರ ಹೆಸರಿನ ಮುಂದೆ ಎಂ.ಎಸ್ಸಿ., ಎಂ.ಎಡ್. ಎಂದು ನೀಲಿ ಅಕ್ಷರದಲ್ಲಿ ಬರೆದಿದೆ. ದಿನಾ ಓದುತ್ತೇನೆ.

ಕೊನೆಯ ದಿನಾಂಕ ಮುಗಿಯಿತು. ನಾಲ್ಕು ಅರ್ಜಿ ಬಂದಿದ್ದವು. ಕಪಿಲನದಿರಲಿಲ್ಲ, ಖುಷಿಯಾಯಿತು. ಹುಸ್ನಾ ಟೀಚರದೂ ಇರಲಿಲ್ಲ. ಯಾರೋ ಕೈಚಳಕ ತೋರಿಸಿದ್ದಾರೆ ಎಂದು ನನ್ನ ತಲೆ ಕೆಟ್ಟಿತು. ಶಾಲೆಯ ಸಿಪಾಯಿ ಇಮಾಮಹುಸೇನನನ್ನು ಕರೆದು, ಟೀಚರ ಅರ್ಜಿ ಯಾರ ಕೈಯಲ್ಲಿ ಕೊಟ್ಟೆ ಎಂದು ಆ ಬಡಪಾಯಿಯನ್ನು ಜಗ್ಗಾಡಿಬಿಟ್ಟೆ. ಕೊನೆಗೆ ನೆಟ್ಟಗೆ ಟೀಚರ ಹತ್ತಿರವೇ ಹೋದೆ. ಅವರು ಸ್ಟೂಲಿನ ಮೇಲೆ ಕೂತು ಸಹಿ ಮಾಡುತ್ತಿದ್ದರು.

"ನಿಮ್ಮ ಅರ್ಜಿ ಯಾರೋ ಮುಚ್ಚಿಟ್ಟಾರ ಟೀಚರ್. ಯಾರ ಮ್ಯಾಲ ಸಂಶಯ ಅದ ಹೇಳ್ರಿ."

"ನಾ ಅರ್ಜಿ ಹಾಕಿಲ್ಲರಿ ಸರ್. ನಂದು ಎಂ.ಎಡ್. ಎಲ್ಲಿ ಆಗೇತ್ರಿ?"

"ಬೋರ್ಡಿನ ಮ್ಯಾಲ ಅದ ಅಲ್ರೀ."

ಅವರು ಪೆನ್ನು ಕೆಳಗಿಟ್ಟರು. "ಅದನ್ನ ಬರಿಸಿದವರು ನೀವ ಅಲ್ರಿ? ನಾ ಆವಾಗ ಓದಾಕತ್ತಿದ್ದೆ. ತಪಾಸಣಿಯವರು ಬರಾವ್ರಿದ್ರು. ಪೇಂಟರ್ ಶಾನವಾಜ ವರ್ಷಕ್ಕೊಮ್ಮೆ ಬರ್ತಾನ, ಹೆಂಗೂ ಪಾಸ್ ಆಗ್ತೀರಿ, ಈಗ ಬರಿಸಿಬಿಡೂಣು ಅಂದ್ರಿ. ಪರೀಕ್ಷಾ ವಾರದಾಗ ಪ್ರಿನ್ಸಿಪಾಲ್ ಸರ್ ದವಾಖಾನಿ ಸೇರಿದ್ರು. ಈ ವರ್ಷ ಬಿಡ್ರಿ ಟೀಚರ್, ಸಾಲಿ ನೋಡ್ಕೊಳ್ರಿ ಅಂತ ಹೇಳಾಕ ನಮ್ಮ ಮನಿತನಾ ಬಂದಿದ್ರಿ."

"ಮುಂದಿನ ವರ್ಷ ಯಾಕ ಬರೀಲಿಲ್ಲ?"

"ಮುಂದಿನ ವರ್ಷನೂ ಸಾಲಿ ಇತ್ತಲ್ರಿ ಸರ್."

ಎಲ್ಲ ನೆನಪಿಗೆ ಬಂತು. ಅವರ ಮನೆಯಲ್ಲಿ ಅವರ ತಾಯಿ ಏಲಕ್ಕಿ ಹಾಕಿ ಮಾಡಿಕೊಟ್ಟ ಚಹಾ ಕೂಡ ನೆನಪಾಯಿತು. ಕಂಡವರ ಕಾಗದವನ್ನೆಲ್ಲ ತಿರುವಿ ತಿರುವಿ ನೋಡುವ ನಾನು, ನಾನೇ ಬರೆಸಿದ ಸುಳ್ಳನ್ನು ದಿನಾ ಓದಿ ಓದಿ ನಂಬಿಬಿಟ್ಟಿದ್ದೆ. ನಾಚಿಕೆಯಿಂದ ಅಲ್ಲಿ ನಿಲ್ಲಲಾಗಲಿಲ್ಲ. ಆಟೋ ಹಿಡಿದು ಅಮರಗೋಳಕ್ಕೆ, ಶಿದ್ದಪ್ಪನವರ ಅಂಗಡಿಗೆ ಹೋದೆ.

"ಆ ಚೀಟಿ ಟೀಚರ್ ಸಲುವಾಗೇ ಬರ್ಕೊಂಡು ಬಂದಿದ್ದೆ," ಎಂದರು ಅವರು. "ಅವರು ಎಂ.ಎಡ್. ಬಿಟ್ಟಿದ್ದು ನನಗ ಗೊತ್ತಿತ್ತು. ನೀವು ತುಂಬಿದ ಸಭಾದಾಗ ಹೆಸರು ಕೇಳಿದ್ರಿ. ಹೇಳಿದ್ರ, ಅಂಗಿ ಹೊಲಿಸಿದ ಮಾತು ಅವರ ಮೈಮ್ಯಾಲ ಬರ್ತಿತ್ತು."

"ಮತ್ತ ಕಪಿಲ?"

"ಯಾವ ಕಪಿಲ? ನಮ್ಮ ತಂಗಿ ಮಗನ? ಅವ ಚಹಾ ಕುಡ್ಯಾಕ ಬಂದಿದ್ದ." ಆಮೇಲೆ ನನ್ನನ್ನೇ ನೋಡುತ್ತ ಹೇಳಿದರು, "ಅವರ ಕಾಗದಪತ್ರ ಎಲ್ಲಾ ನಿಮ್ಮ ಕೈಯಾಗ ಇದ್ವು. ಎಂ.ಎಡ್. ಇಲ್ಲಂತ ಗೊತ್ತಿದ್ದ ನೀವು ಅಡ್ಡಗಾಲು ಹಾಕಿದ್ರಿ ಅಂತ ತಿಳಿದಿದ್ದೆ ನಾ."

ಅರ್ಹತೆ ಬದಲಿಸೋಣ ಎಂದೆ. "ನಿಮ್ಮ ಠರಾವು ನೀವ ಓದ್ಕೊಳ್ರಿ," ಎಂದರು.

ಗದಗಿನವರೊಬ್ಬರ ಆಯ್ಕೆಯಾಯಿತು. ಅವರ ಹೆಸರು ಬರೆಯಲು ಶಾನವಾಜ ಡಬ್ಬಿ, ಕುಂಚ ಹಿಡಿದು ಬಂದ. ಹುಸ್ನಾ ಟೀಚರ್ ಬಾಗಿಲಿಗೆ ಬಂದು, ತಮ್ಮ ಹೆಸರಿನ ಮುಂದಿನ ಎಂ.ಎಡ್. ಒರೆಸು ಎಂದು ಹೇಳಿದರು. ಅವನು ಒರೆಸುವವರೆಗೆ ನಿಂತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಸರ್, ಒಂದು ಮಾತು ಖರೇ ಹೇಳ್ರಿ. ಮರ್ತಿದ್ರೋ, ಬೇಕಂತ ಮಾಡಿದ್ರೋ?"

"ಮರ್ತಿದ್ದೆ," ಎಂದೆ.

ಟೀಚರ್ ತಲೆಯಾಡಿಸಿದರು. ಆದರೆ ಒಳಗೆ ಹೋಗುವ ಮೊದಲು ಒಂದು ಸಲ ನನ್ನ ಮುಖ ನೋಡಿದರು. ಹಾಲಿನವನ ಮಾಪಿನ ತಳವನ್ನು ನಾನು ದಿನಾ ಹಾಗೆಯೇ ನೋಡುತ್ತೇನೆ.